ಪಾಠರಕ್ಷಣೆಯೂ ಮನೆಯ ಪ್ರತಿಯೂ

ಕೃತಿಯು ದೊರೆಯುವುದು ಬೇರೆ, ಉಳಿಯುವುದು ಬೇರೆ. ಈ ಭೇದವನ್ನು ಕನ್ನಡನಾಡಿನ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಓಲೆಯು ಹುಳುವಿಗೂ ಬೆಂಕಿಗೂ ತುತ್ತಾಗತಕ್ಕದ್ದು. ಪ್ರತಿಗಳು ಹಲವು ಮನೆಗಳಲ್ಲಿದ್ದರೆ ಒಂದು ನಷ್ಟವಾದರೂ ಮತ್ತೊಂದು ನಿಲ್ಲುವುದು.

ಈಗ ಚಲಚ್ಚಿತ್ರ, ಸಂಗೀತ, ಗ್ರಂಥಗಳೆಲ್ಲವೂ ಅಂತರ್ಜಾಲದ ಮೂಲಕ ಮನೆಗೆ ಹರಿದುಬರುತ್ತಿವೆ. ಸ್ಟ್ರೀಮಿಂಗ್ ಎಂಬ ಈ ವ್ಯವಸ್ಥೆಯಲ್ಲಿ ಚಂದಾದಾರನಿಗೆ ಲಭಿಸುವುದು ಕೃತಿಯಲ್ಲ, ನೋಡುವ ಅನುಮತಿ ಮಾತ್ರ. ಅಲ್ಲಿಯೇ ಇಳಿಸಿಕೊಂಡ ಪ್ರತಿಯೂ ಸಾಮಾನ್ಯವಾಗಿ ಚಂದಾ ತೀರಿದೊಡನೆ ತೆರೆಯದಾಗುವುದು. "ಬೇಕಾದಾಗ ಎಲ್ಲವೂ ದೊರೆಯುವಾಗ ಮನೆಯಲ್ಲಿ ಪ್ರತಿಯೇಕೆ?" ಎಂಬುದು ಪೂರ್ವಪಕ್ಷ. ನಡೆದ ಸಂಗತಿಗಳೇ ಇದಕ್ಕೆ ಉತ್ತರವಾಗಿವೆ. ಡಿಸ್ನಿ ಪ್ಲಸ್ ಸಂಸ್ಥೆಯು 2022ರ ನವೆಂಬರಿನಲ್ಲಿ ಪ್ರಕಟಿಸಿದ 'ವಿಲ್ಲೋ' ಎಂಬ ಕಥಾಮಾಲೆಯನ್ನು 2023ರ ಮೇ ತಿಂಗಳಲ್ಲಿ ತಾನೇ ತೆಗೆದುಹಾಕಿತು. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್ಲನ ಎರಡು ಗ್ರಂಥಗಳನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿತು. ಹಣವು ಹಿಂದಿರುಗಿತು, ಆದರೆ ಮೂಲವೇ ಮರೆಯಾದ ಮೇಲೆ ಓದುಗರು ಬರೆದಿಟ್ಟಿದ್ದ ಟಿಪ್ಪಣಿಗಳು ನಿರುಪಯುಕ್ತವಾದುವು. ಸಂಸ್ಥೆಯು ಬಳಿಕ ಕ್ಷಮೆ ಬೇಡಿತು.

ವಿಮರ್ಶೆಯ ಪ್ರಾಣವಿರುವುದೇ ಇಲ್ಲಿ. ಒಂದು ಕೃತಿಯ ಗುಣದೋಷಗಳನ್ನು ನಿರ್ಣಯಿಸುವವನು ಅದೇ ಪಾಠಕ್ಕೆ ಮತ್ತೆ ಮತ್ತೆ ಮರಳಬೇಕು. ಅವನ ಮಾತನ್ನು ಪರೀಕ್ಷಿಸುವವನಿಗೂ ಅದೇ ಪಾಠವು ದೊರೆಯಬೇಕು. ಪಾಠವು ಒಡೆಯನ ಇಚ್ಛೆಯಂತೆ ಮರೆಯಾಗುವುದಾದರೆ ವಿಮರ್ಶೆಯು ಕೇವಲ ನೆನಪಿನ ಮಾತಾಗುವುದು. 1934ರಲ್ಲಿ ತೆರೆಕಂಡ ಮೊದಲನೆಯ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯು ಇಂದು ಉಳಿದಿಲ್ಲ. ಅದರ ಅಭಿನಯವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಂದಿನವರಿಗೆ ಸಾಧ್ಯವೇ? ಇದಕ್ಕೆ ಪ್ರತಿಯಾಗಿ, ಬಿ.ಬಿ.ಸಿ.ಯು 'ಡಾಕ್ಟರ್ ಹೂ' ಎಂಬ ಮಾಲೆಯ 1960ರ ದಶಕದ ಅನೇಕ ಕಂತುಗಳನ್ನು ಅಳಿಸಿಬಿಟ್ಟರೂ, ಪ್ರೇಕ್ಷಕರು ಮನೆಗಳಲ್ಲಿ ಟೇಪಿಗಿಳಿಸಿಕೊಂಡಿದ್ದುದರಿಂದ ಆ ಕಂತುಗಳೆಲ್ಲದರ ಧ್ವನಿಯಾದರೂ ಉಳಿಯಿತು. ಸಂಸ್ಥೆಯ ಭಂಡಾರವು ಕಳೆದುದನ್ನು ಗೃಹಸ್ಥರ ಪೆಟ್ಟಿಗೆಗಳು ಕಾಯ್ದುವು.

ಕರ್ತೃವಿನ ಜೀವನೋಪಾಯಕ್ಕೆ ಇದರಿಂದ ಹಾನಿಯಾಗದೆ ಎಂಬ ಆಕ್ಷೇಪವು ಹಗುರವಾದುದಲ್ಲ. ಹಣ ತೆರದೆ ಪ್ರತಿಮಾಡಿ ಹಂಚುವುದು ಚೌರ್ಯವೇ ಸರಿ. ಭಾರತದ 1957ರ ಕೃತಿಸ್ವಾಮ್ಯ ಶಾಸನವು ಸ್ವಂತ ಉಪಯೋಗಕ್ಕಾಗಿ ನಡೆಯುವ ನ್ಯಾಯೋಚಿತ ವ್ಯವಹಾರಕ್ಕೆ ಅವಕಾಶವಿತ್ತಿದೆಯಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗವನ್ನು ಮುರಿಯುವುದು 2012ರ ತಿದ್ದುಪಡಿಯಿಂದ ಅಪರಾಧವಾಗಿದೆ. ಆದಕಾರಣ ಮುದ್ರಿತ ಗ್ರಂಥವನ್ನೂ ಡಿಸ್ಕನ್ನೂ ಬೀಗವಿಲ್ಲದೆ ಮಾರಲ್ಪಡುವ ಸಂಗೀತವನ್ನೂ ಬೆಲೆ ಕೊಟ್ಟು ಕೊಂಡು ಇಟ್ಟುಕೊಳ್ಳುವುದೇ ನಿರ್ದೋಷವಾದ ಮಾರ್ಗ. ಇದರಿಂದ ಕರ್ತೃವಿಗೂ ಫಲ, ಕೃತಿಗೂ ರಕ್ಷಣೆ.

ಹಾಗೆಂದು ಒಮ್ಮೆ ಕೊಂಡಿಟ್ಟರೆ ಸಾಲದು. ಡಿಸ್ಕೂ ಕೆಡುವುದು, ಅದನ್ನು ಓದುವ ಯಂತ್ರವೂ ಹಳತಾಗುವುದು. ಹಿಂದಿನವರು ಓಲೆಗಳಿಗೆ ಎಣ್ಣೆ ಸವರಿ, ಶಿಥಿಲವಾದುದನ್ನು ಹೊಸ ಗರಿಗೆ ಇಳಿಸುತ್ತಿದ್ದಂತೆ, ಇಂದಿನ ಗೃಹಸ್ಥನೂ ತನ್ನ ಸಂಗ್ರಹವನ್ನು ಆಗಾಗ ತೆರೆದು ಪರೀಕ್ಷಿಸಬೇಕು. ಎಲ್ಲವನ್ನೂ ಕೂಡಿಡುವುದು ಯಾರಿಂದಲೂ ಆಗದು. ಮಕ್ಕಳೂ ನೋಡಲೇಬೇಕೆಂದು ಮನಸ್ಸಿಗೆ ತೋರಿದ ಹತ್ತು ಕೃತಿಗಳನ್ನು ಪ್ರತಿಯೊಂದು ಮನೆಯೂ ಕಾಯ್ದರೆ ಅದೇ ಸಾಕು.