ಫ್ರೀಡಂಗೊಂದು ಪಾರ್ಕು

2017ರ ಮಾರ್ಚ್ ತಿಂಗಳು. ಆನಂದರಾವ್ ಸರ್ಕಲ್ ಹತ್ತಿರ ನಾನಿದ್ದ ಕ್ಯಾಬು ಮುಕ್ಕಾಲು ಗಂಟೆಯಿಂದ ಕದಲಿರಲಿಲ್ಲ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಆಗ ನಾನು ಹಾಕಿದ್ದ ಸಾಲು ಇನ್ನೂ ನೆನಪಿದೆ: 'ಈ ಪ್ರತಿಭಟನೆ ಮಾಡೋರಿಗೆಲ್ಲ ಬೇರೆ ಕೆಲಸ ಇಲ್ವಾ?' ಪಟಪಟನೆ ಹತ್ತು ಜನ ಹೌದೌದು ಅಂದರು. ಕೊನೆಗೆ ಬೇಸತ್ತು ಇಳಿದು ನಡೆದೆ. ನೋಡಿದರೆ ಶೇಷಾದ್ರಿ ರಸ್ತೆ ತುಂಬ ಹೆಂಗಸರು. ಕೆಲವರು ಕೈಚೀಲವನ್ನೇ ದಿಂಬು ಮಾಡಿಕೊಂಡು ಡಾಂಬರಿನ ಮೇಲೆ ಮಲಗಿದ್ದರು. ಸಂಬಳ ಹೆಚ್ಚಿಸಿ ಅಂತ ಕೇಳೋಕೆ ರಾಜ್ಯದ ಮೂಲೆಮೂಲೆಯಿಂದ ಬಂದಿದ್ದ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು.

ಒಬ್ಬರು ನನ್ನನ್ನು ನಿಲ್ಲಿಸಿ, "ಯವ್ವಾ, ಇಲ್ಲೆ ಎಲ್ಲೆರ ಕುಡಿಯಾಕ ನೀರ ಸಿಗ್ತಾವೇನ?" ಅಂದರು. ನನ್ನ ಬಾಟಲಿ ಕೊಟ್ಟೆ. ಎರಡು ನಿಮಿಷ ಮಾತಾಡಿದೆವು. ಅವರ ತಿಂಗಳ ಗೌರವಧನ ನನ್ನ ತಿಂಗಳ ಕ್ಯಾಬ್ ಖರ್ಚಿನ ಆಸುಪಾಸಿನಲ್ಲಿತ್ತು. ಅದಕ್ಕೆ 'ಸಂಬಳ' ಅನ್ನದೆ 'ಗೌರವಧನ' ಅನ್ನುತ್ತಾರೆ ಅನ್ನೋದೂ ನನಗೆ ಗೊತ್ತಾಗಿದ್ದು ಅವತ್ತೇ.

ಈ ಸಂಗತಿ ಪೇಪರಿನಲ್ಲಿ ಬಂದಿರಲಿಲ್ಲವಾ? ಬಂದಿರುತ್ತೆ. ನಾನು ಓದಿರಲಿಲ್ಲ. ಆ ಹೆಂಗಸರು ಅಷ್ಟೂ ಜನ ಪಕ್ಕದ ಫ್ರೀಡಂ ಪಾರ್ಕಿನ ಕಾಂಪೌಂಡಿನೊಳಗೆ ಅಚ್ಚುಕಟ್ಟಾಗಿ ಕೂತಿದ್ದರೆ ನಾನು ಸರಿಯಾದ ಟೈಮಿಗೆ ಆಫೀಸು ಸೇರಿರುತ್ತಿದ್ದೆ, ಏನೂ ತಿಳಿಯದೆ.

ಈಗ ನಿಯಮ ಬಯಸೋದು ಅದನ್ನೇ. 2021ರಲ್ಲಿ ಪೊಲೀಸ್ ಇಲಾಖೆ ಹೊರಡಿಸಿದ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಟ್ರಾಫಿಕ್ ತೊಂದರೆಯನ್ನು ತಾನಾಗಿಯೇ ಕೈಗೆತ್ತಿಕೊಂಡಿದ್ದ ಹೈಕೋರ್ಟ್ ಕೂಡ 2022ರಲ್ಲಿ, ಬೇರೆಡೆ ಅವಕಾಶ ಕೊಡಬೇಡಿ ಅಂತ ಸರ್ಕಾರಕ್ಕೆ ಹೇಳಿತು. ನಮ್ಮಂಥವರು ನಿಟ್ಟುಸಿರು ಬಿಟ್ಟೆವು.

ಜಾಗದ ಚರಿತ್ರೆ ನೋಡಿ. ಅದು ಮೊದಲು ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಇಟ್ಟಿದ್ದು ಅಲ್ಲೇ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಅದು ಪಾರ್ಕಾಯಿತು. ಕೈದಿಗಳನ್ನು ಕಾಯುತ್ತಿದ್ದ ಗೋಪುರ ಇನ್ನೂ ನಿಂತಿದೆ. ಮಾತಾಡಿದವರನ್ನು ಕೂಡಿಹಾಕಿದ ಜಾಗವನ್ನು ಮಾತಿಗೆ ಬಿಟ್ಟುಕೊಟ್ಟಿದ್ದು ಒಳ್ಳೆಯ ಯೋಚನೆಯೇ. ಆದರೆ 'ಇಲ್ಲಿ ಮಾತಾಡಬಹುದು' ಅನ್ನೋದು 'ಇಲ್ಲಿ ಮಾತ್ರ ಮಾತಾಡಬೇಕು' ಅಂತ ಆದಾಗ ಗೋಡೆಗೆ ಮತ್ತೆ ಹಳೆಯ ಕೆಲಸವೇ ಸಿಕ್ಕಹಾಗಾಯ್ತು.

ಇನ್ನೊಂದು ಘಟನೆ. 2016ರ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಾಯಿತು. ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯುವಂತಿಲ್ಲ ಅನ್ನೋ ಸುದ್ದಿ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್‌ಗಳಲ್ಲಿ ಹಬ್ಬಿತು. ಮಗಳ ಮದುವೆಗೆ, ಸಾಲಕ್ಕೆ ಅಂತ ಆ ದುಡ್ಡನ್ನೇ ನಂಬಿದ್ದ ಹೆಂಗಸರು ಮಷೀನು ಬಿಟ್ಟು ಎದ್ದು ಹೊಸೂರು ರಸ್ತೆಗೆ ಬಂದರು. ಕರೆ ಕೊಟ್ಟ ಯೂನಿಯನ್ ಇಲ್ಲ, ಮುಂದೆ ನಿಂತ ನಾಯಕರಿಲ್ಲ. ಎರಡನೇ ದಿನ ಕೆಲವು ಕಡೆ ಕಲ್ಲು, ಬೆಂಕಿ, ಲಾಠಿ ಎಲ್ಲವೂ ಆಯಿತು. ಅದನ್ನು ಸಮರ್ಥಿಸೋಕೆ ಆಗಲ್ಲ. ಆದರೆ ಅವತ್ತು ಸಂಜೆಯೊಳಗೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅದರ ಲಾಭ ದೇಶದಲ್ಲಿ ಪಿಎಫ್ ಇರುವ ಎಲ್ಲರಿಗೂ, ಅಂದರೆ ನನಗೂ ನಿಮಗೂ ಸಿಕ್ಕಿತು.

ಅವರು ಅಷ್ಟು ಬೇಗ ಒಟ್ಟಾಗಿದ್ದು ಹೇಗೆ? ದಿನಾ ಒಂದೇ ಶಿಫ್ಟು, ಒಂದೇ ಗೇಟು, ಒಂದೇ ಬಸ್‌ಸ್ಟಾಪು, ಡಬ್ಬಿಯಿಂದ ಡಬ್ಬಿಗೆ ಹಂಚಿಕೊಂಡ ಉಪ್ಪಿನಕಾಯಿ. ಅವರ ಸಂಘಟನೆ ಅಷ್ಟೇ. 'ಮೊದಲು ಅರ್ಜಿ ಹಾಕಿ, ಆಮೇಲೆ ಬೊಮ್ಮನಹಳ್ಳಿಯಿಂದ ಬಸ್ಸು ಬದಲಾಯಿಸಿ ಫ್ರೀಡಂ ಪಾರ್ಕಿಗೆ ಬನ್ನಿ' ಅಂದಿದ್ದರೆ? ಒಂದು ದಿನದ ಕೂಲಿ ಹೋಗುತ್ತಿತ್ತು, ದನಿಯೂ ಹೋಗುತ್ತಿತ್ತು. ಪ್ರಜಾಪ್ರಭುತ್ವದ ಅಭ್ಯಾಸ ನಡೆಯೋದು ದಿನಬಳಕೆಯ ಜಾಗಗಳಲ್ಲಿ. ದರ್ಶಿನಿಯ ಎತ್ತರದ ಟೇಬಲ್ಲಿಗೆ ಮೊಣಕೈ ಊರಿ ಯಾರದೋ ಜೊತೆ ನಿಂತು ಕಾಫಿ ಕುಡಿಯುವಾಗ, ಬಿಎಂಟಿಸಿಯಲ್ಲಿ 'ಸ್ವಲ್ಪ ಸರ್ಕೊಳ್ಳಿ' ಅನ್ನುವಾಗ, ಚಿಲ್ಲರೆಗೆ ಜಗಳ ಆಡುವಾಗ ನಮ್ಮಂತಲ್ಲದವರ ಜೊತೆ ಜಾಗ ಹಂಚಿಕೊಳ್ಳೋದು ರೂಢಿಯಾಗುತ್ತೆ. ಆ ರೂಢಿ ತಪ್ಪಿದವರಿಗೆ ರಸ್ತೆಯಲ್ಲಿ ಕೂತ ಹೆಂಗಸು ಬರೀ ಅಡ್ಡಿ. ನಾನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕ್ಯಾಬ್ ಹತ್ತಿ ಟೆಕ್‌ಪಾರ್ಕಿನ ಬೇಸ್‌ಮೆಂಟಿನಲ್ಲಿ ಇಳಿಯುತ್ತಿದ್ದವಳು. ನನಗೆ ಆ ರೂಢಿ ಎಲ್ಲಿಂದ ಬರಬೇಕು?

ಹಾಗಂತ ನಮ್ಮ ವರ್ಗ ಬೀದಿಗಿಳಿದೇ ಇಲ್ಲ ಅಂತಲ್ಲ. ಅದೇ 2016ರ ಅಕ್ಟೋಬರ್ 16ರ ಭಾನುವಾರ, ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಹೋಗಬೇಕಿದ್ದ ಸ್ಟೀಲ್ ಫ್ಲೈಓವರ್ ವಿರುದ್ಧ ಸಾವಿರಾರು ಜನ 'ಬೇಡ' ಅಂತ ಬೋರ್ಡು ಹಿಡಿದು ಮಾನವ ಸರಪಳಿ ಮಾಡಿದೆವು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದನ್ನು ನಾವು ಈಗಲೂ ಹೆಮ್ಮೆಯಿಂದ ಹೇಳಿಕೊಳ್ತೀವಿ. ನಮ್ಮದು 'ನಾಗರಿಕರ ದನಿ', ಅವರದ್ದು 'ಟ್ರಾಫಿಕ್ ಜಾಮ್'! ಕಡಿಯಬೇಕಿದ್ದ ಮರದ ಕೆಳಗೇ ನಿಂತಿದ್ದಕ್ಕೆ ನಮ್ಮ ಮಾತಿಗೆ ತೂಕ ಬಂತು. ಈಗಿನ ಆದೇಶದ ಲೆಕ್ಕದಲ್ಲಿ ಆ ಸರಪಳಿಗೂ ಜಾಗ ಇಲ್ಲ.

ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ? ಅವತ್ತಿನ ಬಾಡಿಗೆ ಕಳೆದುಕೊಳ್ಳುವ ಆಟೋದವರ ಗತಿ? ನ್ಯಾಯವಾದ ಪ್ರಶ್ನೆಗಳು. ಸಂವಿಧಾನದ 19ನೇ ವಿಧಿ ಕೊಡೋದೂ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನೇ. ಸಾರ್ವಜನಿಕ ಸುವ್ಯವಸ್ಥೆಗಾಗಿ ಅದಕ್ಕೆ ಮಿತಿ ಹಾಕಬಹುದು. ಆದರೆ ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ: ಸಾರ್ವಜನಿಕ ರಸ್ತೆಯಲ್ಲಿ ಸಭೆಯನ್ನು ನಿಯಂತ್ರಿಸಬಹುದು, ಪೂರ್ತಿ ಮುಚ್ಚಿಹಾಕುವಂತಿಲ್ಲ. ಹೊತ್ತು ಗೊತ್ತು ಮಾಡಿ, ಆಂಬುಲೆನ್ಸಿಗೆ ಒಂದು ಬದಿ ಬಿಡಿಸಿ, ಕುಡಿಯೋ ನೀರು, ಶೌಚಾಲಯ ಕೊಡಿ. ಗಣೇಶನ ಮೆರವಣಿಗೆಗೆ, ಕರಗಕ್ಕೆ, ಮ್ಯಾರಥಾನಿಗೆ ಇದನ್ನೆಲ್ಲ ಮಾಡೋಕೆ ಬರುವ ಊರಿಗೆ ಸಂಬಳ ಕೇಳೋರಿಗೆ ಮಾಡೋಕೆ ಬರಲ್ವಾ?

ಊರು ಬಾಗಿಲು ತೆರೆಯೋಕೆ ಆಗಲ್ಲ ಅಂತಲೂ ಇಲ್ಲ. ನಮ್ಮ ಬಡಾವಣೆಯ ಪಾರ್ಕುಗಳಿಗೆ ಹಗಲು ಹೊತ್ತಿನಲ್ಲಿ ಬೀಗ ಬೀಳುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತಾಯಿತು. 'ಯಾರ್ಯಾರೋ ಬಂದು ಕೂರ್ತಾರೆ' ಅಂತ ನಮ್ಮ ಬಿಲ್ಡಿಂಗಿನಲ್ಲಿ ಗೊಣಗಾಟ ನಡೆಯಿತು. ಬಂದಿದ್ದು ಡೆಲಿವರಿ ಹುಡುಗರು, ಎರಡು ಮನೆ ಕೆಲಸದ ನಡುವೆ ಕಾಲು ಚಾಚೋಕೆ ಬಂದ ಅಕ್ಕಂದಿರು. ಪಾರ್ಕು ಅಲ್ಲೇ ಇದೆ, ಏನೂ ಆಗಿಲ್ಲ.

ಆ ಆಫೀಸ್ ಗ್ರೂಪ್ ಈಗಲೂ ಇದೆ. ಮೊನ್ನೆ ಯಾರೋ ಬರೆದಿದ್ದರು: 'ಫುಲ್ ಜಾಮ್. ಯಾವ್ದೋ ಪ್ರೊಟೆಸ್ಟ್ ಅಂತೆ.' ನಾನು 'ಯಾರದ್ದು?' ಅಂತ ಕೇಳಿದೆ. ಬಹಳ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಾಕಿದಳು: 'ಗೊತ್ತಿಲ್ಲ ಮೇಡಂ, ಇಳಿದು ಕೇಳ್ತೀನಿ ಇರಿ.'