765ರಿಂದ 455 ಹುಟ್ಟುವ ಬಗೆ: ಮಿಕ್ಸರ್ ರಸಿಕರಿಗೊಂದು ಕೈಪಿಡಿ

ಕುಬಿಹಾಳದವರಿಗೆ ತಂಬೂರಿ ಕೇಳುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಗಾಯಕ ಸವಾಯಿ ಗಂಧರ್ವರ ಕುಂದಗೋಳ ಸೀಮೆಯ ಊರು ಅದು. ರೇಡಿಯೋ ಹಚ್ಚಿದಾಗ ಹಾಡನ್ನು ಕಿವಿಗೆ ಮುಟ್ಟಿಸುವ ಮಿಕ್ಸರ್ ಸರ್ಕ್ಯೂಟಿಗೂ ಅಂಥದೇ ರಸಿಕತೆ ಸಲ್ಲಬೇಕೆಂಬುದು ನನ್ನ ಆಸೆ.

ಧಾರವಾಡ ಆಕಾಶವಾಣಿ ಬರುವುದು 765 ಕಿಲೋಹರ್ಟ್ಸಿನಲ್ಲಿ. ಆಗ ಸೆಟ್ಟಿನೊಳಗಿನ ಆಸಿಲೇಟರ್ 1220 ಕಿಲೋಹರ್ಟ್ಸಿನಲ್ಲಿ ಕಂಪಿಸುತ್ತಿರುತ್ತದೆ. ಮಿಕ್ಸರ್ ಇವೆರಡನ್ನೂ ಗುಣಿಸುತ್ತದೆ. ಮೊತ್ತವಾದ 1985, ವ್ಯತ್ಯಾಸವಾದ 455 ಹುಟ್ಟುತ್ತವೆ. ಫಿಲ್ಟರ್ 455ನ್ನಷ್ಟೇ ಮುಂದೆ ಬಿಡುತ್ತದೆ. ಯಾವ ಕೇಂದ್ರಕ್ಕೆ ತಿರುಗಿಸಿದರೂ ಈ 455 ಬದಲಾಗದು, ಆದ್ದರಿಂದ ಚೊಕ್ಕವಾದ ಫಿಲ್ಟರ್ ಒಂದಿದ್ದರೆ ಸಾಕು. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟೆರೊಡೈನ್ ವಿಧಾನವಿದು.

ಗುಣಾಕಾರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತಂಬೂರಿಯ ಎರಡು ತಂತಿ ತುಸು ಬೇಸುರಾದಾಗ ಕೇಳುವ ಅಲುಗಾಟ ಬರಿಯ ಕೂಡಿಕೆ. ಗಾಳಿಯಲ್ಲಿ ಮೂರನೆಯ ಸ್ವರವೇನೂ ಹುಟ್ಟಿರುವುದಿಲ್ಲ. ಮಿಕ್ಸರಿನಲ್ಲಿ ನಿಜಕ್ಕೂ ಹುಟ್ಟುತ್ತದೆ.

ಇನ್ನು ಚಿಪ್ಪಿನೊಳಗಿನ ರೂಪ. ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ, ಇಂದು ಅವರ ಹೆಸರಿನಿಂದಲೇ ಕರೆಯುವ ಕೋಶದ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಆರು ಟ್ರಾನ್ಸಿಸ್ಟರ್. ಕೆಳಗಿನ ಎರಡು ಸಿಗ್ನಲಿನ ವೋಲ್ಟೇಜನ್ನು ಕರೆಂಟಾಗಿಸುತ್ತವೆ. ಮೇಲಿನ ನಾಲ್ಕು ಆಸಿಲೇಟರಿನ ತಾಳಕ್ಕೆ ಆ ಕರೆಂಟನ್ನು ಎಡಕ್ಕೆ ಬಲಕ್ಕೆ ಹೊರಳಿಸುತ್ತವೆ. ಎರಡೂ ಬದಿ ಸರಿಸಮವಾಗಿದ್ದರೆ 765, 1220 ಎರಡೂ ಹೊರಬರುವಲ್ಲಿ ತಾವಾಗಿ ಅಳಿಯುತ್ತವೆ. ಬಿಡಿ ಟ್ರಾನ್ಸಿಸ್ಟರುಗಳಲ್ಲಿ ಇಂಥ ಹೊಂದಾಣಿಕೆ ಕಷ್ಟ. ಒಂದೇ ಸಿಲಿಕಾನ್ ಚೂರಿನ ಮೇಲೆ ಪಕ್ಕಪಕ್ಕದಲ್ಲಿ ಹುಟ್ಟಿದವು ಜೊತೆಗೇ ಕಾಯುತ್ತವೆ, ಜೊತೆಗೇ ತಣಿಯುತ್ತವೆ. ಬೇಡದ್ದನ್ನು ಫಿಲ್ಟರಿಗೆ ಮುಂಚೆಯೇ ಅಳಿಸಿಬಿಡುವ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ವಿನ್ಯಾಸ ಮಾಡಿದವರ ಕೈ ಕಾಣುವುದು ರಾಜಿಗಳಲ್ಲಿ. ಕೆಳಗಿನ ಜೋಡಿಯ ಎಮಿಟರುಗಳಿಗೆ ರೆಸಿಸ್ಟರ್ ಸೇರಿಸಿದರೆ ಜೋರಾದ ಕೇಂದ್ರಗಳ ಹಾವಳಿ ತಗ್ಗುತ್ತದೆ, ಆದರೆ ಗೇನ್ ಇಳಿದು ಗದ್ದಲ ಏರುತ್ತದೆ. ಮಿಕ್ಸರಿಗೆ ಒಂದು ಮಿತಿಯೂ ಉಂಟು: 1675 ಕೂಡ 1220ರಿಂದ 455ರಷ್ಟೇ ದೂರ. ಅದನ್ನು ಈ ಕೋಶ ಬೇರ್ಪಡಿಸಲಾರದು. ಆಂಟೆನಾದ ಟ್ಯೂನಿಂಗೇ ತಡೆಯಬೇಕು.

ಕಿವಿಗೂ ಒಂದು ಪಾಠವಿದೆ. ಮುಳ್ಳು ತಿರುಗಿಸುವ ಹಳೆಯ ಸೆಟ್ಟುಗಳೆರಡನ್ನು ಪಕ್ಕಪಕ್ಕ ಇಡಿ. ಒಂದರಲ್ಲಿ ಧಾರವಾಡ ಹಚ್ಚಿ, ಇನ್ನೊಂದರ ಮುಳ್ಳನ್ನು 1220ರ ಆಸುಪಾಸಿನಲ್ಲಿ ಮೆಲ್ಲಗೆ ಸರಿಸಿ. ಒಂದೆಡೆ ಗೊರಗೊರ ಸದ್ದು ತಟ್ಟನೆ ಅಡಗುತ್ತದೆ. ಅಲ್ಲಿ ದೂರದ ಕೇಂದ್ರವೊಂದು ಬರುತ್ತಿದ್ದರೆ ಸಿಳ್ಳೆ ಕೇಳುತ್ತದೆ. ಅದು ಮೊದಲ ಸೆಟ್ಟಿನಿಂದ ಸೋರಿದ ಆಸಿಲೇಟರ್. ರಾತ್ರಿ ಮಾಡಿ ನೋಡಿ, ಆಗ ದೂರದ ಕೇಂದ್ರಗಳು ಚೆನ್ನಾಗಿ ಸಿಗುತ್ತವೆ.