ಪಕ್ಷಿರಾಜನ ವಾದ, ಅಮ್ಮನ ಪ್ರಶ್ನೆ

ಯುಗಾದಿ ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಎಲ್ಲರೂ ತೂಕಡಿಸ್ತಾ ಇದ್ವಿ. ಟಿವಿಯಲ್ಲಿ ‘2.0’ ಬರ್ತಿತ್ತು. ಶಂಕರ್ ನಿರ್ದೇಶಿಸಿದ, ರಜನಿಕಾಂತ್ ಮತ್ತು ಅಕ್ಷಯ್ ಕುಮಾರ್ ಇರುವ 2018ರ ತಮಿಳು ಸಿನಿಮಾ. ಮೊದಲ ಸಲ ಅದನ್ನ ಥಿಯೇಟರಿನಲ್ಲಿ ಅಪ್ಪನ ಜೊತೆ ನೋಡಿದ್ದೆ. ನಮ್ಮೂರ ಬಸ್ ಕಂಡಕ್ಟರ್ ಸೂಪರ್‌ಸ್ಟಾರ್ ಆದರು ಅನ್ನೋ ಹೆಮ್ಮೆಗೆ ಅಪ್ಪ ರಜನಿಯ ಒಂದು ಸಿನಿಮಾನೂ ಬಿಡ್ತಿರಲಿಲ್ಲ. ಜನರ ಕೈಯಿಂದ ಮೊಬೈಲುಗಳು ಕಿತ್ತುಕೊಂಡು ಆಕಾಶಕ್ಕೆ ಹಾರುವ ದೃಶ್ಯಕ್ಕೆ ಚಪ್ಪಾಳೆ ಹೊಡೆದು ನಕ್ಕಿದ್ದರು. ಮೂರು ವರ್ಷದ ನಂತರ ಅವರ ಮೆದುಳಿನಲ್ಲಿ ಗೆಡ್ಡೆ ಕಾಣಿಸ್ತು. ಹದಿನಾಲ್ಕು ತಿಂಗಳಿಗೆ ಹೋಗಿಬಿಟ್ಟರು.

ಪಕ್ಷಿರಾಜನ್ ಫ್ಲ್ಯಾಶ್‌ಬ್ಯಾಕ್ ಮುಗಿಯುವಾಗ ಅಮ್ಮ ಟಿವಿಯಿಂದ ಕಣ್ಣು ತೆಗೆಯದೇ ಕೇಳಿದಳು: “ಅವನು ಹೇಳ್ತಿರೋದು ನಿಜಾನೇನೋ? ನಿಮ್ಮಪ್ಪನೂ ಯಾವಾಗ್ಲೂ ಎಡಗಿವಿಗೇ ಫೋನ್ ಇಟ್ಕೋತಿದ್ರು. ಗೆಡ್ಡೆ ಬಂದಿದ್ದೂ ಎಡಗಡೆಗೇ.”

ಆ ಫೋನ್ ಕೊಡಿಸಿದ್ದು ನಾನು, ನನ್ನ ಮೊದಲ ಸಂಬಳದಲ್ಲಿ. ಅಮ್ಮ ಅದನ್ನ ಹೇಳಲಿಲ್ಲ. ಹೇಳೋ ಅಗತ್ಯವೂ ಇರಲಿಲ್ಲ.

ಹಾಗಾಗಿ ಇಷ್ಟು ತಡವಾಗಿ ಈ ವಿಮರ್ಶೆ.

ಸಿನಿಮಾ ಗ್ರಾಫಿಕ್ಸಿನಲ್ಲಿ ಗೆದ್ದಿದೆ, ನಿಜ. ಆದರೆ ನೆನಪಲ್ಲಿ ಉಳಿಯೋದು ಫೋನುಗಳಿಂದಾದ ಆ ದೈತ್ಯ ಹಕ್ಕಿಯಲ್ಲ, ಅಕ್ಷಯ್ ಕುಮಾರ್ ಮಾಡಿದ ಮುದುಕ ಪಕ್ಷಿತಜ್ಞ. ಹಕ್ಕಿಗಳು ಸಾಯ್ತಿರೋದಕ್ಕೆ ಮೊಬೈಲ್ ತರಂಗಗಳೇ ಕಾರಣ ಅಂತ ಊರೆಲ್ಲ ಗೋಗರೆದು, ಯಾರೂ ಕೇಳದೇ ಹೋದಾಗ ಟವರಿಗೆ ನೇಣು ಹಾಕಿಕೊಳ್ಳುತ್ತಾನೆ. ಇಡೀ ಚಿತ್ರದಲ್ಲಿ ದುಃಖ ಇರೋದು ಅವನ ಭಾಗದಲ್ಲಿ ಮಾತ್ರ. ನನ್ನ ತಕರಾರೂ ಅಲ್ಲೇ. ಅವನು ಕೊಲೆ ಮಾಡಿದ್ದು ತಪ್ಪು ಅಂತ ಸಿನಿಮಾ ಹೇಳುತ್ತೆ. ಅವನ ವಿಜ್ಞಾನ ಸರಿಯಾ ಅಂತ ಒಂದೇ ಒಂದು ಸಲವೂ ಕೇಳಲ್ಲ. ರೋಬೋ ಕಟ್ಟಬಲ್ಲ ವಸೀಗರನ್‌ ಥರದ ವಿಜ್ಞಾನಿ ಕಥೆಯಲ್ಲೇ ಇದ್ದಾರೆ. ಅವರೂ “ನಿಮ್ಮ ಪುರಾವೆ ತೋರಿಸಿ” ಅನ್ನಲ್ಲ. ಕಣ್ಣೀರನ್ನೇ ಪುರಾವೆ ಅಂತ ಒಪ್ಪಿಸಿಬಿಡೋದು ನಮ್ಮ ಸಿನಿಮಾಗಳ ಹಳೇ ಚಾಳಿ.

ಗುಬ್ಬಚ್ಚಿ ವಿಷಯವನ್ನೇ ತಗೊಳ್ಳಿ. 2020ರ ‘ಭಾರತದ ಹಕ್ಕಿಗಳ ಸ್ಥಿತಿ’ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಕಡಿಮೆಯಾಗಿರೋದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಮರಿಗಳಿಗೆ ತಿನ್ನಿಸಲು ಹುಳವಿಲ್ಲ, ಗೂಡಿಗೆ ಸಂದುಗೊಂದಿಲ್ಲ. ಹೆಂಚಿನ ಮನೆ ಕೆಡವಿ ಗಾಜಿನ ಅಪಾರ್ಟ್‌ಮೆಂಟ್ ಕಟ್ಟಿದ್ದು ನಾವೇ. ಟವರ್ ಕಡೆ ಬೆರಳು ತೋರಿಸಿದರೆ ನಾವು ಬಚಾವ್.

ಮನುಷ್ಯರ ವಿಷಯ? ಎಕ್ಸ್‌ರೇಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತುಹಾಕುವ ತಾಕತ್ತಿದೆ, ಹಾಗಾಗಿ ಅದು ಡಿಎನ್‌ಎ ಮುರಿಯಬಲ್ಲದು. ಮೊಬೈಲ್, ವೈಫೈ, ಬ್ಲೂಟೂತ್ ತರಂಗಗಳಲ್ಲಿ ಒಂದೊಂದು ಫೋಟಾನಿನ ಶಕ್ತಿ ಕಣ್ಣಿಗೆ ಕಾಣೋ ಬೆಳಕಿನದಕ್ಕಿಂತಲೂ ಲಕ್ಷ ಪಟ್ಟು ಕಡಿಮೆ. ಸಾಬೀತಾಗಿರುವ ಪರಿಣಾಮ ಅಂದರೆ ಅಂಗಾಂಶ ಸ್ವಲ್ಪ ಬಿಸಿಯಾಗೋದು. ಅದಕ್ಕೇ ಸಾರ್ ಮಿತಿ ಇರೋದು. ಭಾರತದಲ್ಲಿ 2012ರಿಂದ ಅದು ಕೆಜಿಗೆ 1.6 ವ್ಯಾಟ್. ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ಅಂಕಿ ಬರುತ್ತೆ.

“ಹಾಗಾದ್ರೆ 2011ರಲ್ಲಿ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಇದನ್ನ 2ಬಿ ಪಟ್ಟಿಗೆ ಯಾಕೆ ಹಾಕ್ತು?” ಅಂತೀರ. ನ್ಯಾಯವಾದ ಪ್ರಶ್ನೆ. 2ಬಿ ಅಂದರೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸಾಲದು’ ಅಂತ. ಅದೇ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಆಮೇಲೆ 2024ರಲ್ಲಿ ಡಬ್ಲ್ಯುಎಚ್‌ಒ ಮಾಡಿಸಿದ ಪರಿಶೀಲನೆಯೊಂದು 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜಾಲಾಡಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅಂತು. ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಇನ್ನು ಎಡಗಿವಿ. ಇದು ನನಗೆ ಎಲ್ಲಕ್ಕಿಂತ ಕಷ್ಟದ ಭಾಗ. ಗೆಡ್ಡೆ ಬಂದವರನ್ನು “ಯಾವ ಕಿವಿಗೆ ಫೋನ್ ಇಡ್ತಿದ್ರಿ?” ಅಂತ ಕೇಳಿದರೆ, ಗೆಡ್ಡೆ ಇರುವ ಕಡೆಯನ್ನೇ ಹೇಳುವ ಸಾಧ್ಯತೆ ಹೆಚ್ಚು. ಸುಳ್ಳು ಹೇಳ್ತಾರೆ ಅಂತಲ್ಲ, ನೆನಪು ಹಾಗೆ ಹೊಂದಿಕೊಳ್ಳುತ್ತೆ. 2010ರಲ್ಲಿ ಪ್ರಕಟವಾದ 13 ದೇಶಗಳ ಇಂಟರ್‌ಫೋನ್ ಅಧ್ಯಯನಕ್ಕೆ ದೊಡ್ಡ ತಲೆನೋವಾಗಿದ್ದು ಇಂಥ ನೆನಪೇ. ಇದನ್ನ ಓದಿದ ಮೇಲೆ ಹಳೇ ಫೋಟೋಗಳನ್ನ ಹುಡುಕಿದೆ. ಅತ್ತೆ ಮಗಳ ಮದುವೆಯ ಫೋಟೋದಲ್ಲಿ ಅಪ್ಪ ಚಪ್ಪರದ ಕೆಳಗೆ ನಿಂತು ಫೋನಲ್ಲಿ ಮಾತಾಡ್ತಿದ್ದಾರೆ. ಬಲಗಿವಿಯಲ್ಲಿ. ಒಂದು ಫೋಟೋದಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೆ ಅಮ್ಮನಿಗಿದ್ದ ‘ಯಾವಾಗ್ಲೂ ಎಡಗಿವಿ’ ಅನ್ನೋ ನೆನಪು ನನಗೂ ಇತ್ತು, ಅದು ಅಲ್ಲಿ ಸಡಿಲವಾಯ್ತು.

ಹಾಗಂತ ಕಂಪನಿಗಳ ಪರ ನಿಲ್ತಿಲ್ಲ. ಸಿನಿಮಾ ಬಿಡುಗಡೆಗೆ ಮುಂಚೆ ಮೊಬೈಲ್ ಕಂಪನಿಗಳ ಸಂಘ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿತ್ತು. ಉತ್ತರ ಕೊಡೋ ಬದಲು ಬಾಯಿ ಮುಚ್ಚಿಸಲು ಹೋದರೆ ಯಾರಿಗೆ ನಂಬಿಕೆ ಬರುತ್ತೆ? ಕಣ್ಣಿಡಬೇಕಾದ ಜಾಗಗಳು ನಿಜಕ್ಕೂ ಇವೆ. 2023ರಲ್ಲಿ ಫ್ರಾನ್ಸ್ ಐಫೋನ್ 12 ಮಾರಾಟ ನಿಲ್ಲಿಸಿತು. ಕೈಯಲ್ಲೋ ಜೇಬಲ್ಲೋ ಇದ್ದಾಗ 4.0 ಇರಬೇಕಾದ ಸಾರ್ 5.74 ಬಂದಿತ್ತು. ಆಪಲ್ ಸಾಫ್ಟ್‌ವೇರ್ ಬದಲಿಸಬೇಕಾಯ್ತು. ಇದು ನೋಡಿ, ಅಳತೆ ಮಾಡಿ ಹಿಡಿಯೋದು ಅಂದರೆ. ಪಕ್ಷಿರಾಜನಿಗೆ ಕೊಡಬೇಕಿದ್ದದ್ದು ಇಂಥ ದೃಶ್ಯ.

ಅದರ ಬದಲು ಭಯ ಮಾತ್ರ ಉಳಿದಾಗ ಅಂಗಡಿ ತೆರೆಯುವವರಿಗೆ ಬರವಿಲ್ಲ. 2020ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಆಗಿನ ಅಧ್ಯಕ್ಷರು ವಿಕಿರಣ ತಗ್ಗಿಸುತ್ತೆ ಅಂತ ಸಗಣಿ ಚಿಪ್ ತೋರಿಸಿದರು. ನಮ್ಮ ಆಫೀಸಿನಲ್ಲೇ ಇಬ್ಬರ ಫೋನಿನ ಹಿಂದೆ ‘ಆ್ಯಂಟಿ ರೇಡಿಯೇಷನ್’ ಸ್ಟಿಕ್ಕರ್ ಇದೆ, ಇಬ್ಬರೂ ಎಂಜಿನಿಯರುಗಳೇ! ಸ್ವಲ್ಪ ಯೋಚಿಸಿ: ಸ್ಟಿಕ್ಕರ್ ಸಿಗ್ನಲ್ ತಡೆಯದಿದ್ದರೆ ದುಡ್ಡು ದಂಡ. ತಡೆದರೆ, ಟವರ್ ಮುಟ್ಟಲು ಫೋನ್ ಇನ್ನಷ್ಟು ಜೋರಾಗಿ ಕೂಗಬೇಕು. ಲಿಫ್ಟಿನಲ್ಲಿ, ಬೇಸ್‌ಮೆಂಟಿನಲ್ಲಿ ಬ್ಯಾಟರಿ ಬೇಗ ಇಳಿಯೋದು ಇದೇ ಕಾರಣಕ್ಕೆ. ಅಷ್ಟೂ ಚಿಂತೆಯಿದ್ದರೆ ಇಯರ್‌ಫೋನ್ ಹಾಕಿ, ಸಿಗ್ನಲ್ ಚೆನ್ನಾಗಿರುವಾಗ ಮಾತಾಡಿ. ಪುಕ್ಕಟೆ.

ಇದನ್ನೆಲ್ಲ ಅಮ್ಮನಿಗೆ ನನಗೆ ತಿಳಿದ ಹಾಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಯಾಕೆ ಬಂತು?” ಅಂದಳು.

ಡಾಕ್ಟರನ್ನ ನಾವು ಕೇಳಿದಾಗ, ಹೆಚ್ಚಿನ ರೋಗಿಗಳಲ್ಲಿ ಕಾರಣ ಹೇಳೋಕಾಗಲ್ಲ ಅಂದಿದ್ದರು. ನನ್ನ ಹತ್ತಿರವೂ ಅದಕ್ಕಿಂತ ಒಳ್ಳೇ ಉತ್ತರವಿಲ್ಲ. ಶಂಕರ್ ಹತ್ತಿರ ಇದೆ. ‘2.0’ ಅಷ್ಟು ಜನಕ್ಕೆ ನಾಟಿದ್ದು ಅದಕ್ಕೇ ಅನ್ನಿಸುತ್ತೆ. ಯಾಕೆ ಅನ್ನೋ ಪ್ರಶ್ನೆಗೆ ಅದು ಒಂದು ಹೆಸರು, ಒಂದು ಟವರ್, ಹೊಡೆದು ಹಾಕಬಹುದಾದ ಒಬ್ಬ ಶತ್ರುವನ್ನ ಕೊಡುತ್ತೆ. ಒಳ್ಳೇ ಸಿನಿಮಾ ಆಗಿದ್ದರೆ, ಉತ್ತರ ಸಿಗದೇ ಕೂತಿರುವ ಮನುಷ್ಯನ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿತ್ತು.

ಅಮ್ಮ ಈಗಲೂ ರಾತ್ರಿ ಫೋನನ್ನ ಅಡುಗೆಮನೆಯ ಫ್ರಿಜ್ ಮೇಲಿಟ್ಟೇ ಮಲಗೋದು. ನಾನು ಬೇಡ ಅನ್ನಲ್ಲ. ನಿದ್ದೆಯಾದರೂ ಚೆನ್ನಾಗಿ ಬರಲಿ.